ವಿಕಿರಣ ಚಿಕಿತ್ಸೆ: ನಿಖರತೆ ಬಂತು, ದೂರ ಉಳಿಯಿತು

ವಿಲ್ಹೆಲ್ಮ್ ರಾಂಟ್‌ಜೆನ್ ಎಕ್ಸ್‌ರೇ ಕಂಡುಹಿಡಿದದ್ದು 1895ರ ನವೆಂಬರ್‌ನಲ್ಲಿ. ಮರುವರ್ಷವೇ ವೈದ್ಯರು ಅದನ್ನು ಕ್ಯಾನ್ಸರ್ ಗೆಡ್ಡೆಗಳ ಮೇಲೆ ಹಾಯಿಸಿ ನೋಡಿದರು. ಆ ಅವಸರಕ್ಕೆ ಬೆಲೆ ತೆರಬೇಕಾಯಿತು. ಡೋಸು ಅಳೆಯುವ ಸಾಧನವಿರಲಿಲ್ಲ. ಚರ್ಮ ಕೆಂಪೇರುವುದೇ ಅಳತೆಗೋಲು. ಎಷ್ಟೋ ವೈದ್ಯರು, ತಂತ್ರಜ್ಞರು ಮೊದಲು ಬೆರಳು, ಆಮೇಲೆ ಕೈ, ಕೊನೆಗೆ ಜೀವವನ್ನೇ ಕಳೆದುಕೊಂಡರು. ಅವರ ಹೆಸರುಗಳನ್ನು ಕೆತ್ತಿದ ಸ್ಮಾರಕ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 1936ರಲ್ಲಿ ಎದ್ದಿತು. ಇಂದಿನ ಪ್ರತಿಯೊಬ್ಬ ರೋಗಿಯೂ ಅವರಿಗೆ ಋಣಿ.

ಈ ಚರಿತ್ರೆಯ ದೊಡ್ಡ ತಿರುವು ಯಾವುದೆಂದು ಕೇಳಿದರೆ ನಾವು ಯಂತ್ರಗಳನ್ನು ಬಿಟ್ಟು ಟಗರುಗಳತ್ತ ಬೆರಳು ತೋರುತ್ತೇವೆ. ಪ್ಯಾರಿಸ್ಸಿನಲ್ಲಿ ಕ್ಲಾಡಿಯಸ್ ರೆಗೋ ಟಗರಿನ ವೃಷಣಕ್ಕೆ ಒಂದೇ ಸಲ ಕಿರಣ ಕೊಟ್ಟಾಗ ಸಂತಾನಶಕ್ತಿ ಹೋಗುವಷ್ಟರಲ್ಲಿ ಚರ್ಮವೂ ಸುಟ್ಟು ಹುಣ್ಣಾಗುತ್ತಿತ್ತು. ಹಲವು ದಿನಗಳಿಗೆ ಹಂಚಿ ಕೊಟ್ಟಾಗ ಸಂತಾನಶಕ್ತಿ ಹೋಯಿತು, ಚರ್ಮ ಉಳಿಯಿತು. ಎಡೆಬಿಡದೆ ವಿಭಜನೆಯಾಗುವ ಕೋಶಗಳನ್ನು ಕೊಂದು ಸುತ್ತಲಿನದನ್ನು ಉಳಿಸುವ ದಾರಿ ಹಾಗೆ ಹೊಳೆಯಿತು. 1920ರ ದಶಕದಲ್ಲಿ ಅವರ ಸಹೋದ್ಯೋಗಿ ಹೆನ್ರಿ ಕುಟಾರ್ ಗಂಟಲಿನ ಕ್ಯಾನ್ಸರನ್ನು ಇದೇ ಕ್ರಮದಲ್ಲಿ ಗುಣಪಡಿಸಿ ತೋರಿಸಿದರು. ಆರೋಗ್ಯವಂತ ಕೋಶ ತನ್ನ ಡಿಎನ್‌ಎಗೆ ಆದ ಗಾಯವನ್ನು ಮರುದಿನದೊಳಗೆ ಬಹುಮಟ್ಟಿಗೆ ಸರಿಪಡಿಸಿಕೊಳ್ಳುತ್ತದೆ. ಕ್ಯಾನ್ಸರ್ ಕೋಶಕ್ಕೆ ಆ ಶಕ್ತಿ ಕಡಿಮೆ. ದಿನಕ್ಕೆ ಸುಮಾರು 2 ಗ್ರೇ (ವಿಕಿರಣದ ಡೋಸು ಅಳೆಯುವ ಮಾನ), ವಾರಕ್ಕೆ 5 ದಿನ, ಹೀಗೆ ಐದಾರು ವಾರ ಎಂಬ ವಾಡಿಕೆ ಬೆಳೆದದ್ದು ಈ ಬೇರಿನಿಂದ.

ಯಂತ್ರಗಳೂ ಸುಮ್ಮನಿರಲಿಲ್ಲ. 1951ರಲ್ಲಿ ಕೆನಡಾದಲ್ಲಿ ಕೋಬಾಲ್ಟ್ ಚಿಕಿತ್ಸೆ ಆರಂಭವಾಯಿತು, ಎರಡೇ ವರ್ಷಕ್ಕೆ ಲಂಡನ್ನಿನಲ್ಲಿ ವಿದ್ಯುತ್ತಿನಿಂದಲೇ ಶಕ್ತಿಶಾಲಿ ಎಕ್ಸ್‌ರೇ ಹೊಮ್ಮಿಸುವ ಲೀನಿಯರ್ ಆಕ್ಸಿಲರೇಟರ್ ಬಂತು. ಸಿ.ಟಿ. ಸ್ಕ್ಯಾನ್ ಮತ್ತು ಕಂಪ್ಯೂಟರ್ ಜೊತೆಗೂಡಿದ ಮೇಲೆ ಗೆಡ್ಡೆಯ ಆಕಾರಕ್ಕೆ ತಕ್ಕಂತೆ ಕಿರಣವನ್ನು ಕಡೆಯಲು ಸಾಧ್ಯವಾಯಿತು. ಸ್ತನವನ್ನೇ ಪೂರ್ತಿ ತೆಗೆಯುವ ಬದಲು ಗೆಡ್ಡೆಯನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟರೂ ಆರಂಭದ ಹಂತದ ರೋಗಿಗಳು ಅಷ್ಟೇ ಕಾಲ ಬದುಕುತ್ತಾರೆಂದು ಅಮೆರಿಕ ಮತ್ತು ಇಟಲಿಯ ಅಧ್ಯಯನಗಳ 20 ವರ್ಷಗಳ ಫಲಿತಾಂಶ 2002ರಲ್ಲಿ ಖಚಿತಪಡಿಸಿತು. ಹೆಣ್ಣುಮಕ್ಕಳಿಗೆ ಈ ಚಿಕಿತ್ಸೆ ಕೊಟ್ಟ ಅತಿ ದೊಡ್ಡ ಕೊಡುಗೆ ಇದು.

ನಮ್ಮಲ್ಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಶುರುವಾದದ್ದು 1973ರಲ್ಲಿ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ, ಕಲಬುರಗಿಯಲ್ಲಿ ಕಿದ್ವಾಯಿಯ ಶಾಖೆ ಇದೆ. ಭಾಭಾ ಅಣು ಸಂಶೋಧನಾ ಕೇಂದ್ರ ರೂಪಿಸಿದ ಕೋಬಾಲ್ಟ್ ಯಂತ್ರ ಭಾಭಾಟ್ರಾನ್ ಬೆಂಗಳೂರಿನ ಕಂಪನಿಯೊಂದರಲ್ಲೇ ತಯಾರಾಗಿ ಹೊರದೇಶಗಳಿಗೂ ಹೋಗಿದೆ. ಇದು ಹೆಮ್ಮೆಯ ಮಾತೇ. ಆದರೂ ಹಳ್ಳಿಯ ಜನ ‘ಕರೆಂಟು ಕೊಡಿಸುವುದು’ ಎನ್ನುವ ಈ ಚಿಕಿತ್ಸೆಗೆ ದಿನವೂ ಬೇಕಾದದ್ದು ಕೆಲವೇ ನಿಮಿಷ; ಆ ನಿಮಿಷಗಳಿಗಾಗಿ ಮನೆಯವರೊಬ್ಬರು ಕೂಲಿ ಬಿಟ್ಟು ವಾರಗಟ್ಟಲೆ ಪರವೂರಿನಲ್ಲಿ ನಿಲ್ಲಬೇಕು. ಚಿಕಿತ್ಸೆಯ ಬಿಲ್ಲನ್ನು ಆಯುಷ್ಮಾನ್ ಕಾರ್ಡು ಭರಿಸೀತು. ಊಟ, ವಸತಿ, ಹೋದ ಕೂಲಿಯನ್ನು ಭರಿಸುವವರಾರು? ನೋವು ತುಸು ಇಳಿದದ್ದೇ ಅರ್ಧಕ್ಕೆ ಊರಿಗೆ ಹೊರಡುವವರನ್ನು ದೂರುವುದು ನ್ಯಾಯವಲ್ಲ. ಆದರೆ ನಡುವೆ ಬಿಟ್ಟ ದಿನಗಳಲ್ಲಿ ಗೆಡ್ಡೆ ಮತ್ತೆ ಚಿಗುರುತ್ತದೆ.

ಹಾಗಾಗಿ ಈಚಿನ ವರ್ಷಗಳಲ್ಲಿ ನಮಗೆ ಅತ್ಯಂತ ಸಂತೋಷ ಕೊಟ್ಟದ್ದು 2020ರಲ್ಲಿ ಪ್ರಕಟವಾದ ಬ್ರಿಟನ್ನಿನ ಫಾಸ್ಟ್-ಫಾರ್ವರ್ಡ್ ಅಧ್ಯಯನ. ಶಸ್ತ್ರಚಿಕಿತ್ಸೆಯಾದ ಆರಂಭಿಕ ಸ್ತನ ಕ್ಯಾನ್ಸರಿಗೆ ಮೂರು ವಾರಗಳ 15 ಸರದಿಯ ಬದಲು ಒಂದೇ ವಾರದ 5 ಸರದಿ ಸಾಕೆಂದು ಅದು ತೋರಿಸಿತು. ಮೂಳೆಗೆ ಹರಡಿದ ಕ್ಯಾನ್ಸರಿನ ನೋವಿಗಂತೂ ಅನೇಕರಿಗೆ ಒಂದೇ ಸರದಿ ಸಾಕು. 2019ರಲ್ಲಿ ಚೆನ್ನೈಗೆ ಬಂದ ಪ್ರೋಟಾನ್ ಯಂತ್ರದಿಂದ, ಮುಖ್ಯವಾಗಿ ಮಕ್ಕಳಿಗೆ, ಉಪಯೋಗವಿದೆ. ಆದರೆ ಬೀದರಿನ ಬಡ ರೋಗಿಗೆ ಕಡಿಮೆಯಾದ ಒಂದೊಂದು ದಿನವೂ ಅದಕ್ಕಿಂತ ದೊಡ್ಡದು.

ಸರ್ಕಾರದ ಮುಂದೆ ನಮ್ಮ ಬೇಡಿಕೆ ಸರಳ: ಹೊಸ ಯಂತ್ರಗಳು ಬೆಂಗಳೂರಿಗಿಂತ ಮೊದಲು ಜಿಲ್ಲೆಗಳಿಗೆ ಹೋಗಲಿ, ಅವುಗಳೊಂದಿಗೆ ಡೋಸು ಲೆಕ್ಕ ಹಾಕುವ ವೈದ್ಯಕೀಯ ಭೌತವಿಜ್ಞಾನಿಗಳ ನೇಮಕವೂ ಆಗಲಿ, ರೋಗಿಯ ಜೊತೆ ಬಂದವರಿಗೆ ವಸತಿ ಸಿಗಲಿ. ರೋಗಿಗಳಲ್ಲಿ ಒಂದೇ ವಿನಂತಿ: ಎಷ್ಟು ಸರದಿ ಎಂದು ಮೊದಲೇ ವೈದ್ಯರನ್ನು ಕೇಳಿ ತಿಳಿಯಿರಿ, ನಡುವೆ ಬಿಡಬೇಡಿ.