ವಿಜ್ಞಾನ ಸ್ನಾತಕೋತ್ತರ ವಿದ್ಯಾರ್ಥಿಗಳು ಮತ್ತು ಖಾಸಗಿ ಉದ್ಯಮ: ಅವಳಿ ನಗರದ ಒಂದು ಅವಲೋಕನ

ಹುಬ್ಬಳ್ಳಿಯ ಕೇಶ್ವಾಪುರ ರೈಲ್ವೆಯ ನೆರೆಯಲ್ಲಿರುವ ಬಡಾವಣೆ. 2003ರಿಂದ ನೈಋತ್ಯ ರೈಲ್ವೆ ವಲಯದ ಕೇಂದ್ರ ಕಚೇರಿಯೂ ಇದೇ ನಗರದಲ್ಲಿದೆ. ನೌಕರಿಯೆಂದರೆ ಸರ್ಕಾರಿ ನೌಕರಿಯೇ ಎಂಬ ಭಾವನೆ ಇಲ್ಲಿ ಬೇರೂರಿರುವುದು ಸಹಜ. ಈ ಭಾಗದಿಂದ ಧಾರವಾಡಕ್ಕೆ ಹೋಗಿ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಪೂರೈಸುವವರ ಮುಂದೆ ಸಾಮಾನ್ಯವಾಗಿ ಎರಡೇ ದಾರಿಗಳು ಕಾಣುತ್ತವೆ: ಸಪ್ತಾಪುರದ ಸ್ಪರ್ಧಾತ್ಮಕ ಪರೀಕ್ಷಾ ತರಬೇತಿ ಇಲ್ಲವೇ ಅಧ್ಯಾಪನ. ಆದರೆ ಕಾಯಂ ಅಧ್ಯಾಪಕ ಹುದ್ದೆಗಳು ಮಿತವಾಗಿದ್ದು, ಅನೇಕರು ಅತಿಥಿ ಉಪನ್ಯಾಸಕರಾಗಿಯೇ ವರ್ಷಗಳನ್ನು ಕಳೆಯುತ್ತಾರೆ.

ಮೂರನೆಯ ದಾರಿಯಾದ ಉದ್ಯಮಕ್ಕೆ ಬೇಕಾಗುವುದು ಹೆಚ್ಚಿನ ವಿಷಯಜ್ಞಾನವಲ್ಲ, ಬೇರೆ ಬಗೆಯ ಶಿಸ್ತು. ಕಾಲೇಜಿನ ಪ್ರಯೋಗದಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ. ಅಳತೆ ತಪ್ಪಿದರೆ ಅಳಿಸಿ ಮತ್ತೆ ಬರೆಯುವುದೂ ಉಂಟು. ಐಎಸ್ಒ/ಐಇಸಿ 17025 ಮಾನದಂಡದ ಪರೀಕ್ಷಾ ಪ್ರಯೋಗಾಲಯದಲ್ಲಿ ಹೀಗೆ ಮಾಡುವಂತಿಲ್ಲ. ತಪ್ಪಾದ ಅಂಕಿಯ ಮೇಲೆ ಒಂದೇ ಗೆರೆ ಎಳೆದು, ಹಳೆಯ ಅಂಕಿ ಓದಲು ಸಿಗುವಂತೆ ಉಳಿಸಿ, ತಿದ್ದಿದವರು ಸಹಿ ಹಾಗೂ ದಿನಾಂಕ ಹಾಕಬೇಕು. ಉಪಕರಣವನ್ನು ಕೊನೆಯದಾಗಿ ಯಾವಾಗ ಮಾನದಂಡಕ್ಕೆ ಹೋಲಿಸಿ ನೋಡಲಾಯಿತು ಎಂಬ ದಾಖಲೆ ಇರಬೇಕು. ಫಲಿತಾಂಶ ಮಿತಿಮೀರಿದರೆ ಬಯಸಿದ ಅಂಕಿ ಬರುವವರೆಗೆ ಪರೀಕ್ಷೆಯನ್ನು ಪುನರಾವರ್ತಿಸದೆ ಕಾರಣವನ್ನು ಶೋಧಿಸಬೇಕು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ತರುವಾಯ ಆಹಾರೋದ್ಯಮದಲ್ಲಿಯೂ ಇಂತಹ ಪರೀಕ್ಷೆಗಳ ಮಹತ್ವ ಹೆಚ್ಚಿದೆ. ಈ ಅಭ್ಯಾಸಗಳನ್ನು ಕಲಿಸಲು ಹೊಸ ಕಟ್ಟಡವಾಗಲಿ ದುಬಾರಿ ಯಂತ್ರವಾಗಲಿ ಬೇಕಿಲ್ಲ. ಪ್ರಯೋಗ ಪುಸ್ತಕವನ್ನು ಪರಿಶೀಲಿಸುವ ರೀತಿ ಬದಲಾದರೆ ಸಾಕು.

ಅನುಭವದ ಬೆಲೆ ಔಷಧ ತಯಾರಿಕೆಯಲ್ಲಿ ಇನ್ನಷ್ಟು ಸ್ಪಷ್ಟ. 1945ರ ಔಷಧ ನಿಯಮಗಳಂತೆ ರಸಾಯನಶಾಸ್ತ್ರವನ್ನು ಪ್ರಧಾನ ವಿಷಯವಾಗಿ ಓದಿದ ವಿಜ್ಞಾನ ಪದವೀಧರರೂ ತಯಾರಿಕೆಯ ಮೇಲ್ವಿಚಾರಣೆಗೆ ಅರ್ಹರು. ಆದರೆ ನಿಗದಿತ ಅವಧಿಯ ಪ್ರಾಯೋಗಿಕ ಅನುಭವ ಪಡೆದ ನಂತರವೇ.

ಈ ಅನುಭವ ಎಲ್ಲಿಂದ ದೊರಕಬೇಕು? 2014ರ ತಿದ್ದುಪಡಿಯಿಂದ ಅಪ್ರೆಂಟಿಸ್ ಕಾಯ್ದೆಯು ಎಂಜಿನಿಯರಿಂಗೇತರ ಪದವೀಧರರಿಗೂ ಅನ್ವಯಿಸುತ್ತದೆ. ಬಿ.ಎಸ್ಸಿ. ಮುಗಿದ ಕೂಡಲೇ ಎಂ.ಎಸ್ಸಿ. ಸೇರುವ ಬದಲು ನಡುವೆ ಒಂದು ವರ್ಷ ಈ ತರಬೇತಿ ಪಡೆಯುವುದನ್ನು ಪಾಲಕರು ಸಾಮಾನ್ಯವಾಗಿ ವರ್ಷ ವ್ಯರ್ಥವೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಅದು ವ್ಯರ್ಥವಲ್ಲ.

ರಾಜ್ಯವು 2024-25ರಿಂದ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿದ್ದರಿಂದ, ಆನರ್ಸ್ ವರ್ಷದಲ್ಲಿ ಸಿಗಬಹುದಾಗಿದ್ದ ಸಂಶೋಧನಾ ಅವಕಾಶವೂ ಇಲ್ಲವಾಗಿದೆ. ಆದಕಾರಣ ಎಂ.ಎಸ್ಸಿ.ಯ ಯೋಜನಾ ಕಾರ್ಯದ ಮೇಲೆ ಹೆಚ್ಚಿನ ಹೊಣೆ ಬಿದ್ದಿದೆ. ಧಾರವಾಡದಾಚೆ ಬೇಲೂರು ಕೈಗಾರಿಕಾ ಪ್ರದೇಶವಿದೆ. ವಿಶ್ವವಿದ್ಯಾಲಯದಲ್ಲಿಯೇ ಅತ್ಯಾಧುನಿಕ ವಿಶ್ಲೇಷಣಾ ಉಪಕರಣಗಳ ಕೇಂದ್ರವಿದೆ. ಕಾರ್ಖಾನೆಯೊಂದರ ನೀರು, ಬಣ್ಣ ಅಥವಾ ಎಣ್ಣೆಯ ನೈಜ ಸಮಸ್ಯೆಯನ್ನೇ ಯೋಜನೆಯ ವಿಷಯವಾಗಿಸಲು ಅಡ್ಡಿಯಾಗಿರುವುದು ಬಹುತೇಕ ಗೋಪ್ಯತೆಯ ಶಂಕೆ. ಏನನ್ನು ಪ್ರಕಟಿಸಬಹುದು, ಏನನ್ನು ಪ್ರಕಟಿಸಬಾರದು ಎಂಬುದನ್ನು ವಿಭಾಗದ ಮುಖ್ಯಸ್ಥರು ಮತ್ತು ಕಾರ್ಖಾನೆಯವರು ಯೋಜನೆಯ ಆರಂಭದಲ್ಲಿಯೇ ಒಂದು ಪುಟದ ಒಪ್ಪಂದದಲ್ಲಿ ಬರೆದುಕೊಂಡಲ್ಲಿ ಈ ಅಡ್ಡಿ ಬಹುಮಟ್ಟಿಗೆ ನಿವಾರಣೆಯಾಗುತ್ತದೆ.