ಚಹಾ ಗಂಡೋ ಹೆಣ್ಣೋ?

ಕನ್ನಡ ಮಾಧ್ಯಮದಿಂದ ಬಂದ ಹುಡುಗ ‘ಮೇರಾ ಚಾಯ್’ ಎಂದರೆ ಸಾಕು, ಕ್ಯಾಂಟೀನೇ ನಗುತ್ತದೆ. ‘ಮೇರೀ’ ಅನ್ನಬೇಕಂತೆ, ಹಿಂದಿಯಲ್ಲಿ ಚಹಾ ಹೆಣ್ಣು. ಸರಿ. ಬಾಂದ್ರಾ ಸ್ಟೇಷನ್ನಿನ ಹೊರಗೆ ಮರಾಠಿಯಲ್ಲಿ ಕೇಳಿ ನೋಡಿ: ‘ಮಾಝಾ ಚಹಾ’. ಅದೇ ಚಹಾ ಗಂಡಾಯಿತು! ಪುಸ್ತಕ ಹಿಂದಿಯಲ್ಲಿ ಸ್ತ್ರೀಲಿಂಗ, ಮರಾಠಿಯಲ್ಲಿ ನಪುಂಸಕ. ಇದರಲ್ಲಿ ದಡ್ಡತನದ ಮಾತು ಎಲ್ಲಿಂದ ಬಂತು ಸ್ವಾಮಿ?

ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ. ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ. ಚಹಾ, ಲೋಟ, ರೈಲು ಎಲ್ಲ ನಪುಂಸಕ. ಬಾಯಿಪಾಠ ಬೇಕಾಗಿಲ್ಲ.

‘ಅವನ’, ‘ಅವಳ’ ಎನ್ನುವಾಗ ನಾವು ಒಡೆಯರನ್ನು ನೋಡುತ್ತೇವೆ. ಹಿಂದಿಯ ‘ಉಸ್ಕಾ–ಉಸ್ಕೀ’ ವಸ್ತುವನ್ನು ನೋಡುತ್ತದೆ. ವಸ್ತು ಅವನದೋ ಅವಳದೋ ಗೊತ್ತಾಗೋದಿಲ್ಲ. ದೂರದ ಇಟಾಲಿಯನ್ನಿನ ‘ಸುವೊ–ಸುವಾ’ ಕೂಡ ಹೀಗೇ. ಮರಾಠಿ ಮಾತ್ರ ಎರಡೂ ಕಡೆ ಲೆಕ್ಕ ಬರೆಯುತ್ತದೆ: ತ್ಯಾಚಾ, ತ್ಯಾಚೀ, ತಿಚಾ, ತಿಚೀ. ನಮ್ಮ ಡಬಲ್ ಎಂಟ್ರಿಯೇ! (ಆ ಪದ್ಧತಿಯನ್ನು 1494ರಲ್ಲಿ ವೆನಿಸ್ಸಿನಲ್ಲಿ ಅಚ್ಚು ಹಾಕಿಸಿದ ಪಾಚೋಲಿ ಇಟಲಿಯವನು.) ಇಟಾಲಿಯನ್ನಿನಲ್ಲಿ ಇನ್ನೊಂದು ತಮಾಷೆ: ‘ಪೊವೆರೊ’ ಎಂಬ ವಿಶೇಷಣ ಮನುಷ್ಯನಿಗಿಂತ ಮೊದಲು ಬಂದರೆ ಪಾಪದವನು, ಆಮೇಲೆ ಬಂದರೆ ದುಡ್ಡಿಲ್ಲದವನು. ನಮ್ಮಲ್ಲಿ ವಿಶೇಷಣ ಯಾವಾಗಲೂ ಮೊದಲೇ.

ನಗುವಿಗೆ ಹೆದರಿ ನಮ್ಮ ಹುಡುಗರು ಕ್ಲಾಸಿನಲ್ಲಿ ಪ್ರಶ್ನೆ ಕೇಳೋದನ್ನೇ ಬಿಟ್ಟಿದ್ದಾರೆ. ಸಂಘದವರು ನಾಟಕದ ರಿಹರ್ಸಲಿನಿಂದ ವಾರಕ್ಕೊಂದು ಗಂಟೆ ತೆಗೆದು, ಮೂರು ಭಾಷೆಗಳ ಲಿಂಗವನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು ತೋರಿಸಲಿ. ನಗುವವರೂ ಬರಲಿ. ‘ಅವನು ಬಂದ, ಅವಳು ಬಂದಳು, ಬಸ್ಸು ಬಂತು’ ಅಂತ ಅವರ ಬಾಯಲ್ಲೂ ಹೇಳಿಸೋಣ.