ಇನ್ಫರ್ಮೇಷನ್ ಸೈನ್ಸ್ ಪದವಿ ಮತ್ತು ನಮ್ಮ ಮಕ್ಕಳು

ಜಡಿಗೇನಹಳ್ಳಿಯ ಕಡೆ ಪಿ.ಯು.ಸಿ. ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಒಂದೇ ಚಿಂತೆ: ಕಂಪ್ಯೂಟರ್ ಸೈನ್ಸ್ ಸಿಗದಿದ್ದರೆ ಇನ್ಫರ್ಮೇಷನ್ ಸೈನ್ಸ್ ಆದೀತೆ? ಧಾರಾಳವಾಗಿ ಆದೀತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಎರಡರ ಪಾಠಗಳೂ ಬಹುಪಾಲು ಒಂದೇ. ಕೆಲಸ ಕೊಡುವ ಹೆಚ್ಚಿನ ಕಂಪೆನಿಗಳು ಭೇದವೆಣಿಸುವುದಿಲ್ಲ. ಬರಿಯ ಹೆಸರಿಗಾಗಿ ಮ್ಯಾನೇಜ್‌ಮೆಂಟ್ ಸೀಟಿಗೆ ಲಕ್ಷಗಟ್ಟಲೆ ಸುರಿದು ಸಾಲಗಾರರಾಗಬೇಡಿರೆಂದು ಮಿಲ್ಲಿನ ಬಂಧುಗಳಿಗೂ ಅಂಗಡಿಕಾರ ಮಿತ್ರರಿಗೂ ಹೇಳುತ್ತೇವೆ.

ಆದರೆ ಪದವಿಯೇ ನೌಕರಿಯೆಂಬ ಕಾಲ ಹೋಯಿತು. ದೊಡ್ಡ ಕಂಪೆನಿಗಳು ಹೊಸಬರಿಗೆ ಕೊಡುವ ವಾರ್ಷಿಕ 3.5 ಲಕ್ಷದ ಆಸುಪಾಸಿನ ಸಂಬಳ ಹತ್ತು ವರ್ಷಗಳಿಂದ ಹೆಚ್ಚುಕಡಿಮೆ ನಿಂತಲ್ಲೇ ನಿಂತಿದೆ. ಅಕ್ಕಿ ಬೇಳೆಯ ಬೆಲೆ ನಿಂತಿದೆಯೆ? 2025ರ ಜುಲೈನಲ್ಲಿ ಟಿ.ಸಿ.ಎಸ್. ಸುಮಾರು 12,000 ಮಂದಿಯನ್ನು ಕೈಬಿಡುವುದಾಗಿ ಸಾರಿತು. ಹೊಸಬರು ಕೈ ಪಳಗಿಸಿಕೊಳ್ಳುತ್ತಿದ್ದ ಸಣ್ಣಪುಟ್ಟ ಪ್ರೋಗ್ರಾಂ ಬರವಣಿಗೆಯನ್ನು ಈಗ ಕೃತಕ ಬುದ್ಧಿಮತ್ತೆಯೇ ಮಾಡತೊಡಗಿದೆ. ಗಣಿತ, ಡೇಟಾಬೇಸ್, ನೆಟ್‌ವರ್ಕ್ ಸುರಕ್ಷತೆಗಳನ್ನು ಬುಡದಿಂದ ಕಲಿತವರಿಗೆ ಇನ್ನೂ ಬೆಲೆಯುಂಟು. ಅಂಕಪಟ್ಟಿ ಮಾತ್ರ ಹಿಡಿದವರಿಗಿಲ್ಲ.

ಕುರ್ಚಿ ಮೆತ್ತಗಿದ್ದರೂ ಅದು ಕೂಲಿಯೇ. 2024ರಲ್ಲಿ ಆ ಉದ್ಯಮದ ದುಡಿಮೆಯನ್ನು ದಿನಕ್ಕೆ 14 ಗಂಟೆಯವರೆಗೆ ಎಳೆಯುವ ಸಲಹೆ ರಾಜ್ಯ ಸರ್ಕಾರದ ಮುಂದೆ ಬಂದಾಗ ಎದುರು ನಿಂತದ್ದು ಐ.ಟಿ. ನೌಕರರ ಸಂಘ. ವೈಟ್‌ಫೀಲ್ಡಿಗೆ ಹೊರಡುವ ಮಕ್ಕಳಿಗೆ ಆ ಸಂಘದ ವಿಳಾಸವನ್ನೂ ಕೊಟ್ಟು ಕಳುಹಿಸಿರಿ.